ರೋಗಿಗೆ ಮಾತ್ರ ಹೇಳಬೇಡಿ

ಆ ಡಾಕ್ಟರು ನನ್ನ ಗಂಟಲೊಳಗೆ ಕೊಳವೆ ಇಳಿಸಿ ಒಂದು ಚೂರು ಕಿತ್ತುಕೊಂಡ. ಸರಿ, ಅದು ಅವನ ಕೆಲಸ. ಆದರೆ ಅರಿವಳಿಕೆಯ ಮತ್ತು ಇಳಿದು ನಾನು ಕಣ್ಣು ಬಿಟ್ಟಾಗ ಅವನು ಮಂಚದ ಈ ಕಡೆ ನಿಂತು, ಆ ಕಡೆ ನಿಂತಿದ್ದ ನನ್ನ ಮಗನ ಜೊತೆ ಮಾತಾಡುತ್ತಿದ್ದ. ನಡುವೆ ನಾನು ಬಿದ್ದಿದ್ದೆ. ಅಂಗಡಿಯ ಕಲ್ಲಿನ ಮೇಲೆ ಬಿದ್ದ ಮೀನನ್ನಾದರೂ ನಾವು ಕಿವಿರು ಎತ್ತಿ ನೋಡುತ್ತೇವೆ. ಇವರಿಬ್ಬರೂ ನನ್ನ ಮುಖದ ಕಡೆ ತಿರುಗಲೂ ಇಲ್ಲ.

"ನಿಮ್ಮ ತಾಯಿ ಒಂದು ವಾರ ತುಟಿ ಪಿಟಕ್ ಅನ್ನಬಾರ್ದು," ಎಂದ ಡಾಕ್ಟರು. "ಪಿಸುಮಾತೂ ಕೂಡದು." ಆಮೇಲೆ ಔಷಧದ ನೀರು ತುಂಬಿದ ಒಂದು ಪುಟ್ಟ ಬಾಟಲಿಯನ್ನು ಮಗನ ಕೈಗಿಟ್ಟ. "ಇದನ್ನ ಇವತ್ತೇ ಲ್ಯಾಬಿಗೆ ತಲುಪಿಸಿ. ಎಂಟು ದಿನಕ್ಕೆ ರಿಪೋರ್ಟ್ ಬರುತ್ತೆ. ತಗೊಂಡು ನೀವೊಬ್ರೇ ಬನ್ನಿ."

ನೀವೊಬ್ಬರೇ ಅಂತೆ! ಆ ಬಾಟಲಿಯಲ್ಲಿದ್ದದ್ದು ಯಾರ ಗಂಟಲು? ಐವತ್ತೆಂಟು ವರ್ಷ ನಾನು ಸಾಕಿದ ಗಂಟಲು. ಮಗ ರಗಬ್ ಅದನ್ನು ಕರೀ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನನಗೆ ಕಾಣದಂತೆ ಬೆನ್ನ ಹಿಂದೆ ಹಿಡಿದುಕೊಂಡ. ಲ್ಯಾಬಿನವರು ಕೊಟ್ಟ ಚೀಟಿಯನ್ನೂ ಅವನೇ ಪರ್ಸಿನಲ್ಲಿ ಮಡಚಿಟ್ಟ. ಚೀಟಿ ಯಾರ ಕೈಯಲ್ಲಿರುತ್ತದೋ ರಿಪೋರ್ಟು ಅವರಿಗೆ ಸಿಗುತ್ತದೆ.

ನಾನು ತಫೀದಾ. ಅಲೆಕ್ಸಾಂಡ್ರಿಯಾದ ಬಹ್ರೀ ಕೇರಿಯಲ್ಲಿ ಮೀನು ಮಾರಲು ಶುರುಮಾಡಿ ಮೂವತ್ತು ವರ್ಷವಾಯಿತು. ನಾನು ಅಂಗಡಿಯ ಮುಂದೆ ನಿಂತು "ಬೂರಿ! ಜೀವಂತ ಬೂರಿ!" ಎಂದು ಕೂಗಿದರೆ ಟ್ರಾಮಿನ ಡ್ರೈವರು ಬ್ರೇಕು ಹಾಕುತ್ತಿದ್ದ. ಮೂರು ತಿಂಗಳ ಹಿಂದೆ ಗಂಟಲು ಕಟ್ಟಿತು. ನೆಗಡಿ ಇರಬೇಕು ಅಂದುಕೊಂಡೆ. ನೆಗಡಿ ಹೋಯಿತು, ದನಿ ಮಾತ್ರ ವಾಪಸು ಬರಲಿಲ್ಲ. ಗಿರಾಕಿಗಳು "ಏನಮ್ಮಾ, ಯಾವ ಗಂಡಸನ್ನ ನುಂಗಿದೆ?" ಎಂದು ನಕ್ಕರು. ಆಮೇಲೆ ಆಮೇಲೆ ಯಾರೂ ನಗಲಿಲ್ಲ.

ನಮ್ಮಲ್ಲಿ ಆ ರೋಗದ ಹೆಸರು ಹೇಳುವುದಿಲ್ಲ. 'ಆ ಕೆಟ್ಟದ್ದು' ಎನ್ನುತ್ತಾರೆ, ಅದನ್ನೂ ಗೋಡೆಯ ಕಡೆ ತಿರುಗಿ ಹೇಳುತ್ತಾರೆ. ಬಂದಿದೆ ಎಂದು ಗೊತ್ತಾದರೆ ಮಗನಿಗೆ ಹೇಳುತ್ತಾರೆ, ತಮ್ಮನಿಗೆ ಹೇಳುತ್ತಾರೆ, ಎದುರು ಮನೆಯವರಿಗೂ ತಿಳಿಯುತ್ತದೆ. ರೋಗಿಗೆ ಮಾತ್ರ ಹೇಳುವುದಿಲ್ಲ. ಹೇಳಿದರೆ ಎದೆಯೊಡೆದು ಬೇಗ ಸಾಯುತ್ತಾರಂತೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಇಡೀ ಮನೆ ಕಣ್ಣು ಮುಚ್ಚಿಕೊಂಡಿರುತ್ತದೆ.

ನನ್ನ ಮನೆಯೂ ಹಾಗೇ ಆಯಿತು. ಸೊಸೆ ಇಬ್ತಿಸಾಮ್ ಮದುವೆಯಾಗಿ ಆರು ವರ್ಷದಲ್ಲಿ ನನ್ನ ಜೊತೆ ಜಗಳವಾಡದ ದಿನ ಅಂತ ಇದ್ದರೆ ಅದು ಅವಳು ತವರಿಗೆ ಹೋದ ದಿನ. ಅಂಥವಳು ಎರಡನೇ ದಿನ ಬಿಸಿನೀರಿನ ಬೋಗುಣಿ ತಂದಿಟ್ಟು ನನ್ನ ಕಾಲು ತೊಳೆಯಲು ಕೂತಳು. "ಬಿಡಿ ಅತ್ತೆ, ನನ್ ಅಮ್ಮ ಇದ್ದಂಗೆ ನೀವು," ಎಂದಳು. ನಾನು ಕಾಲು ಎಳೆದುಕೊಂಡೆ. ಅವಳು ಮತ್ತೆ ಹಿಡಿದಳು. ನನಗೆ ಕಿರುಚಬೇಕು ಅನ್ನಿಸಿತು, ಆದರೆ ಕಿರುಚುವ ಹಾಗಿಲ್ಲವಲ್ಲ! ನೀರಿನ ಬೋಗುಣಿಯನ್ನೇ ಒದ್ದೆ. ಅವಳು ಬೈಯದೆ ಸುಮ್ಮನೆ ನೆಲ ಒರೆಸಿದಳು.

ಮೂರನೇ ದಿನ ನನ್ನ ನಾದಿನಿ ದವ್ಲತ್ ಬಂದಳು. ಗಂಡನ ತಂಗಿ. ಬರುವಾಗ ಈರುಳ್ಳಿ ತುಂಬಿ ಹುರಿದ ಇಡೀ ಬಾತುಕೋಳಿ ತಂದಿದ್ದಳು. ಗಂಟಲಿಗೆ ಕತ್ತರಿ ಬಿದ್ದವಳಿಗೆ, ಉಗುಳು ನುಂಗಿದರೆ ಕಣ್ಣಲ್ಲಿ ನೀರು ಬರುವವಳಿಗೆ, ಬಾತುಕೋಳಿ!

"ಅತ್ತಿಗೇ!" ಎಂದು ನನ್ನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದಳು. "ಸೀಬೆ ಎಲೆ ಕುದ್ಸಿ ಕುಡೀರಿ! ಕೇಳಿಸ್ತಾ? ಸೀ-ಬೆ ಎ-ಲೆ!"

ಮಾತಾಡಬಾರದು ಎಂದಿದ್ದು ನನ್ನ ಬಾಯಿಗೆ, ಕಿವಿಗೆ ಏನಾಗಿತ್ತು? ಚಮಚ ತೆಗೆದುಕೊಂಡು ತಟ್ಟೆಗೆ ಟಣ್ಣೆಂದು ಬಾರಿಸಿದೆ.

"ನೋಡೇ, ಎಷ್ಟ್ ಸಿಟ್ಟು ಪಾಪ," ಎಂದಳು ದವ್ಲತ್ ಸೊಸೆಗೆ. "ಅದ್ಕೂ ಗೊತ್ತಾಗ್ತಿರ್ಬೇಕು ಒಳ್ಗೊಳ್ಗೇ."

"ಶ್! ಅತ್ತೆಗೆ ಕೇಳಿಸುತ್ತೆ."

"ಕೇಳಿಸಿದ್ರೆ ಏನೇ, ಮಾತಾಡಂಗಿಲ್ವಲ್ಲ."

ಮೂಕಿಯಾದರೆ ಒಂದು ಲಾಭವಿದೆ. ಜನ ನಿನ್ನನ್ನು ಮನೆಯ ಪೀಠೋಪಕರಣಕ್ಕೆ ಸೇರಿಸಿಬಿಡುತ್ತಾರೆ, ಎಲ್ಲವೂ ನಿನ್ನ ಮುಂದೆಯೇ ಹೊರಬೀಳುತ್ತದೆ. ವಾರ ತುಂಬಿದ ದಿನವೂ ನಾನು ಬಾಯಿ ಬಿಡಲಿಲ್ಲ. ಬೇಕೆಂದೇ ಬಿಡಲಿಲ್ಲ.

ಹೆದರಿಕೆ ಇರಲಿಲ್ಲವೇ ಎಂದು ಕೇಳಬೇಡಿ. ಇತ್ತು. ಬಚ್ಚಲಿನ ಚಿಲಕ ಹಾಕಿಕೊಂಡು ಫೋನಿನ ಬೆಳಕನ್ನು ಬಾಯೊಳಗೆ ಬಿಟ್ಟು ಕನ್ನಡಿಯಲ್ಲಿ ನೋಡುತ್ತಿದ್ದೆ. ಕೆಂಪಗಿನ ಒಂದು ಗುಹೆ, ಬೇರೇನೂ ಕಾಣುತ್ತಿರಲಿಲ್ಲ. ಕುತ್ತಿಗೆಯನ್ನು ಬೆರಳಿಂದ ಒತ್ತಿ ಒತ್ತಿ ನೋಡಿ ಚರ್ಮ ಕೆಂಪಾಗಿತ್ತು. ನುಂಗುವಾಗಲೆಲ್ಲ, ನಿನ್ನೆಗಿಂತ ಹೆಚ್ಚು ನೋವೋ ಕಡಿಮೆಯೋ ಎಂದು ಲೆಕ್ಕ ಹಾಕುತ್ತಿದ್ದೆ. ಕೈಗೆ ಕೆಲಸವಿಲ್ಲದೆ ಕೂತರೆ ಬೆರಳುಗಳು ನಡುಗುತ್ತಿದ್ದವು. ಸಿಟ್ಟು ಬಂದಾಗ ಮಾತ್ರ ನಡುಗುತ್ತಿರಲಿಲ್ಲ. ಅದನ್ನು ಕಂಡುಕೊಂಡ ಮೇಲೆ ನಾನು ಬೆಳಿಗ್ಗೆ ಎದ್ದ ಕೂಡಲೇ, ಇವತ್ತು ಯಾರ ಮೇಲೆ ಸಿಟ್ಟಾಗಲಿ ಎಂದು ಹುಡುಕುತ್ತಿದ್ದೆ. ಒಂದು ದಿನ ಸೊಸೆ, ಒಂದು ದಿನ ಡಾಕ್ಟರು, ಒಂದು ದಿನ ಕೆಳಗಿನ ಮನೆಯವರ ರೇಡಿಯೋ. ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕಿದೆ. ಅಂಗಡಿಯಿಂದ ಸಣ್ಣ ಮೀನು ತರಿಸಿಕೊಂಡು ಹುರುಪೆ ಕೆರೆದೆ. ಅದನ್ನು ತಿನ್ನುವ ಆಸೆ ನನಗೆ ಇರಲಿಲ್ಲ, ಕೆರೆಯುವುದಷ್ಟೇ ಬೇಕಿತ್ತು.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಇವರ ಆಟವೆಲ್ಲ ನನಗೆ ಹೇಗೆ ಗೊತ್ತು? ಯಾಕೆಂದರೆ ಈ ಆಟದಲ್ಲಿ ಗುರು ನಾನೇ.

ಒಂಬತ್ತು ವರ್ಷದ ಹಿಂದೆ ನನ್ನ ಗಂಡ ಖಮೀಸ್‌ಗೆ ಹೊಟ್ಟೆಯಲ್ಲಿ ಅದೇ ಬಂತು. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ. ನಾನು ಮೆಟ್ಟಿಲ ಮೇಲೆ ಕೂತು ಅತ್ತು, ಮುಖ ತೊಳೆದು, ಒಳಗೆ ಹೋಗಿ, "ಬರೀ ಊತ ಕಣ್ರೀ, ಹೊಟ್ಟೇಲಿ ಊತ," ಎಂದೆ. ಐದು ತಿಂಗಳು ಅದನ್ನೇ ಹೇಳಿದೆ. ಔಷಧದ ಬಾಟಲಿಗಳ ಚೀಟಿ ಕಿತ್ತು ಬಿಸಾಕಿದೆ. ಆ ರೋಗದ ಆಸ್ಪತ್ರೆ ಎನ್ನುವ ಬೋರ್ಡು ಕಾಣದಿರಲೆಂದು ಅವನನ್ನು ಪ್ರತಿ ಸಲ ಹಿಂದಿನ ಗೇಟಿನಿಂದ, ಕಸದ ಡಬ್ಬಿಗಳ ಪಕ್ಕದಿಂದ ಕರೆದುಕೊಂಡು ಹೋದೆ. ಅವನು ಸತ್ತಾಗ ಇಡೀ ಕೇರಿ ನನ್ನನ್ನು ಹೊಗಳಿತು. ಎಂಥ ಹೆಂಡತಿ, ಗಂಡನಿಗೆ ಕೊನೆಯವರೆಗೂ ಗೊತ್ತಾಗದ ಹಾಗೆ ನೋಡಿಕೊಂಡಳು ಎಂದರು. ನಾನೂ ಹೂಂಗುಟ್ಟಿದೆ.

ಆದ್ದರಿಂದ ಏಳನೇ ದಿನ ರಗಬ್ ಫೋನು ಹಿಡಿದು ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಂಡಾಗ, ನಾನು ಒಗೆದ ಬಟ್ಟೆಯ ಬುಟ್ಟಿ ಹಿಡಿದು ಬಾಗಿಲ ಸಂದಿಯ ಪಕ್ಕ ನಿಂತೆ.

"ನಾಳೆ ಬರುತ್ತೆ ದವ್ಲತ್ ಅತ್ತೆ," ಎನ್ನುತ್ತಿದ್ದ. "ಏನೇ ಬರ್ಲಿ, ಅಮ್ಮಂಗೆ ಬರೀ ಊತ ಅಂತ್ಲೇ ಹೇಳೋಣ. ಎಲ್ರೂ ಒಂದೇ ಮಾತು. ಇಬ್ತಿಸಾಮ್‌ಗೂ ಹೇಳಿದೀನಿ."

ಏನೇ ಬರಲಿ ಊತ! ನಾನು ಬುಟ್ಟಿ ಹಿಡಿದು ಅಲ್ಲೇ ನಿಂತೆ. ಅದು ಇಲ್ಲದಿದ್ದರೂ ಊತ, ಇದ್ದರೂ ಊತ. ಅಂದರೆ ನನಗೆ ಸತ್ಯ ಸಿಗುವ ದಾರಿಯೇ ಇಲ್ಲ. ನಾಳೆ ದೇವರು ಕಣ್ಣು ಬಿಟ್ಟು ಒಳ್ಳೆ ಸುದ್ದಿಯನ್ನೇ ಕಳಿಸಿದರೂ ನಾನು ಅದನ್ನು ನಂಬಲಾರೆ. ಸಾಯುವವರೆಗೂ, ಅದು ಯಾವತ್ತೇ ಇರಲಿ, ನಾನು ಬಚ್ಚಲ ಕನ್ನಡಿಯ ಮುಂದೆ ಬಾಯಿ ಕಳೆದುಕೊಂಡು ನಿಂತಿರಬೇಕು. ಮಾಡಿದ್ದುಣ್ಣೋ ಮಹರಾಯ ಅನ್ನುವುದು ಇದಕ್ಕೇ. ಒಳಗೆ ಹೋಗಿ ಚಹಾದ ಲೋಟವನ್ನು ಗೋಡೆಗೆ ಎಸೆದೆ.

ರಗಬ್ ಓಡಿ ಬಂದ. "ಕೈ ಜಾರ್ತಾ ಅಮ್ಮಾ?"

ಲೋಟ ಕೆಳಗೆ ಬಿದ್ದಿರಲಿಲ್ಲ, ಎದುರಿನ ಗೋಡೆಗೆ ಬಡಿದಿತ್ತು. ಚಹಾ ಗೋಡೆಯ ಮೇಲಿಂದ ಇಳಿಯುತ್ತಿತ್ತು. ಆದರೂ ಕೈ ಜಾರಿತಂತೆ!

ಮರುದಿನ ಬೆಳಿಗ್ಗೆ ಅವನು ಸ್ನಾನಕ್ಕೆ ಹೋದ ಹೊತ್ತಿಗೆ ಬಾಗಿಲ ಹಿಂದೆ ನೇತುಹಾಕಿದ್ದ ಪ್ಯಾಂಟಿನಿಂದ ಪರ್ಸು ತೆಗೆದೆ. ಚೀಟಿ ಅಲ್ಲೇ ಇತ್ತು. ನನ್ನ ಮನೆಯಲ್ಲಿ ನನ್ನ ಗಂಟಲಿನ ಚೀಟಿಯನ್ನು ನಾನೇ ಕದಿಯಬೇಕಾಯಿತು. ಕರಿ ನಿಲುವಂಗಿ ತೊಟ್ಟು ಮೆಟ್ಟಿಲಿಳಿದು ಟ್ರಾಮು ಹತ್ತಿದೆ. ರಮ್ಲ್ ಸ್ಟೇಷನ್ನಿನವರೆಗೆ ಕಿಟಕಿಯ ಪಕ್ಕ ಕೂತು ಆ ಚೀಟಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದೆ. ಪಕ್ಕದ ಹೆಂಗಸು ಏನೋ ಕೇಳಿದಳು. ನಾನು ಅವಳನ್ನು ಗುರಾಯಿಸಿದೆ.

ಲ್ಯಾಬಿನ ಕಿಟಕಿಯಲ್ಲಿ ಒಬ್ಬಳು ಹುಡುಗಿ ಚೀಟಿ ನೋಡಿ ಕಂಪ್ಯೂಟರು ನೋಡಿದಳು. "ರೋಗಿ ನೀವಾ?"

ತಲೆಯಾಡಿಸಲು ಹೊರಟಿದ್ದೆ.

"ಯಾಕಂದ್ರೆ ಇಲ್ಲಿ ಅವರ ಮಗ ಬರೆಸಿದಾರೆ," ಎಂದಳು. "'ರೋಗಿಗೆ ಹೇಳಬೇಡಿ' ಅಂತ. ನೀವೇ ರೋಗಿ ಆದ್ರೆ ಮನೆಯವ್ರು ಯಾರನ್ನಾದ್ರೂ ಕಳ್ಸಿ."

ನೋಡಿ, ಎಂಟು ದಿನದ ಮೇಲೆ ನನ್ನ ಬಾಯಿಂದ ಬಂದ ಮೊದಲ ಮಾತು ಒಂದು ಸುಳ್ಳು. "ಅಲ್ಲಮ್ಮ," ಎಂದೆ. ದನಿ ತುಕ್ಕು ಹಿಡಿದ ಬಾಗಿಲಿನ ಹಾಗೆ ಕಿರುಗುಟ್ಟಿತು. "ನಾನು ಅವಳ ನಾದಿನಿ. ದವ್ಲತ್."

"ನೆಗಡೀನಾ?"

"ಹೂಂ, ನೆಗಡಿ."

ಅವಳು ರಿಪೋರ್ಟಿನ ಲಕೋಟೆ ಕೊಡಲಿಲ್ಲ. ಒಳಗೆ ಹೋಗಿ ಬಂದು, "ಡಾಕ್ಟರು ಮನೆಯವರ ಜೊತೆ ಮಾತಾಡ್ಬೇಕಂತೆ," ಎಂದಳು. ಹಾಗೆಂದರೇನು ಎಂದು ನನಗೆ ಗೊತ್ತಿತ್ತು. ಏನೂ ಇಲ್ಲದವರ ಮನೆಯವರನ್ನು ಯಾವ ಡಾಕ್ಟರೂ ಒಳಗೆ ಕರೆಯುವುದಿಲ್ಲ. ಬಾಗಿಲಿನವರೆಗಿನ ಹತ್ತು ಹೆಜ್ಜೆ ಹೇಗೆ ನಡೆದೆನೋ, ನೆನಪಿಲ್ಲ.

ಆ ಲ್ಯಾಬಿನ ಡಾಕ್ಟರಿಗೆ ರಗಬ್‌ನಷ್ಟೇ ವಯಸ್ಸು. ಮೇಜಿನ ಮೇಲೆ ಅರ್ಧ ತಿಂದ ಬ್ರೆಡ್ಡು ಇತ್ತು. ಅದನ್ನು ಪೇಪರಿನಿಂದ ಮುಚ್ಚಿದ.

"ಕೂತ್ಕೊಳ್ಳಿ ಹಜ್ಜಾ," ಎಂದ. ನಮ್ಮೂರಲ್ಲಿ ತಲೆ ನರೆತ ಹೆಂಗಸರೆಲ್ಲ ಹಜ್ಜಾಗಳೇ, ಮಕ್ಕಾದ ದಾರಿ ಗೊತ್ತಿಲ್ಲದಿದ್ದರೂ. "ನಿಮ್ಮತ್ತಿಗೆಗೆ... ಏನ್ ಹೇಳೋದು. ದೇವ್ರಿಚ್ಛೆ. ಅದೇ ಇದೆ."

"ಅದು ಅಂದ್ರೆ?"

"ಆ ಕೆಟ್ಟದ್ದು."

ನನಗೆ ರೇಗಿತು. "ನೀವು ಡಾಕ್ಟ್ರಾ, ಕಣಿ ಹೇಳೋರಾ? ಅದಕ್ಕೊಂದು ಹೆಸ್ರಿಲ್ವಾ?"

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಕ್ಯಾನ್ಸರ್."

ಹೇಳಿದ. ಸದ್ಯ, ಒಬ್ಬನಾದರೂ ಹೇಳಿದ. ನಾನು ಮೇಜಿನ ಅಂಚು ಹಿಡಿದುಕೊಂಡೆ. ಇನ್ನೊಬ್ಬರ ಸುದ್ದಿ ಕೇಳಿದವರು ಎಷ್ಟು ಹೊತ್ತು ಸುಮ್ಮನಿರಬಹುದೋ ಅಷ್ಟು ಹೊತ್ತು ಮಾತ್ರ ಸುಮ್ಮನಿದ್ದೆ.

"ಅಳ್ಬೇಡಿ," ಎಂದ. ನಾನು ಅಳುತ್ತಿರಲಿಲ್ಲ. "ಪೂರ್ತಿ ಕೇಳಿ. ಬಹಳ ಸಣ್ಣದು. ಧ್ವನಿ ಪೆಟ್ಟಿಗೇಲಿ ಒಂದೇ ಕಡೆ ಇದೆ, ಹರಡಿರೋ ಹಂಗೆ ಕಾಣ್ತಿಲ್ಲ. ಗಂಟಲು ಕಟ್ಟಿದ್ರಿಂದ ಬೇಗ ಗೊತ್ತಾಯ್ತು. ಮುಂದಿಂದು ನಿಮ್ಮ ಡಾಕ್ಟ್ರು ಹೇಳ್ತಾರೆ, ಆದ್ರೆ ಇಷ್ಟು ಬೇಗ ಸಿಕ್ಕಿದ್ರೆ ಕರೆಂಟು, ಅಂದ್ರೆ ರೇಡಿಯೇಶನ್ನು, ಕೊಟ್ಟು ವಾಸಿ ಮಾಡ್ತಾರೆ. ಹತ್ತು ಜನ್ರಲ್ಲಿ ಒಂಬತ್ತು ಜನ ವಾಸಿಯಾಗ್ತಾರೆ. ದನೀನೂ ಹೆಚ್ಚುಕಮ್ಮಿ ಉಳಿಯುತ್ತೆ."

"ಒಂಬತ್ತು ಜನಾನಾ?"

"ಒಂಬತ್ತು."

ಎಂಟು ದಿನದಲ್ಲಿ ನಾನು ಎಷ್ಟು ಸಲ ಸತ್ತಿದ್ದೆ! ಹೆಣಕ್ಕೆ ಸುತ್ತುವ ಕಫನ್ನಿನ ಬಟ್ಟೆ ಯಾವ ಪೆಟ್ಟಿಗೆಯಲ್ಲಿದೆ ಎಂದು ಕೂಡ ನೋಡಿಟ್ಟಿದ್ದೆ. ಒಂಬತ್ತು ಎನ್ನುವ ಅಂಕಿ ನನ್ನ ತಲೆಗೆ ಒಂದು ಸಲವೂ ಬಂದಿರಲಿಲ್ಲ. ಯಾರಾದರೂ ಹೇಳಿದ್ದರೆ ತಾನೇ ಬರುವುದು?

"ಇದನ್ನ ಅವ್ಳಿಗೆ ಹೇಳ್ಲಾ?" ಎಂದೆ.

ಡಾಕ್ಟರು ಎರಡೂ ಕೈ ಎತ್ತಿದ. "ಅಯ್ಯೋ ಬೇಡ! ಯಾರಿಗ್ ಬೇಕಾದ್ರೂ ಹೇಳಿ, ರೋಗಿಗೆ ಮಾತ್ರ ಹೇಳ್ಬೇಡಿ. ಧೈರ್ಯ ಕಳ್ಕೊಂಡ್ರೆ ಔಷ್ದಿ ಹತ್ತಲ್ಲ. ಬರೀ ಊತ ಅನ್ನಿ."

"ಒಂಬತ್ತು ಜನ ವಾಸಿಯಾಗ್ತಾರೆ ಅನ್ನೋದ್ನೂ ಹೇಳ್ಬಾರ್ದಾ?"

"ಅದನ್ ಹೇಳಿದ್ರೆ ಇದನ್ನೂ ಹೇಳ್ಬೇಕಾಗುತ್ತಲ್ಲ ಹಜ್ಜಾ."

ಎಷ್ಟು ಸಲೀಸಾಗಿ ಅಂದುಬಿಟ್ಟ! ನನ್ನ ಸಾವನ್ನು ಮುಚ್ಚಿಡಲು ನನ್ನ ಬದುಕನ್ನೂ ಮುಚ್ಚಿಡುತ್ತಾರಂತೆ, ಒಂದೇ ಲಕೋಟೆಯಲ್ಲಿ. ನಾನು ಚೀಲದಿಂದ ಗುರುತಿನ ಚೀಟಿ ತೆಗೆದು ಅವನ ಬ್ರೆಡ್ಡಿನ ಪಕ್ಕದಲ್ಲಿ ಬಡಿದೆ.

"ಓದಪ್ಪ. ಫೋಟೋನೂ ನೋಡು, ನನ್ನ ಮುಖಾನೂ ನೋಡು."

ಅವನು ಓದಿದ. ಎದ್ದು ನಿಂತ. ಮುಖ ಬಿಳುಚಿಕೊಂಡಿತು. "ಹಜ್ಜಾ, ನೀವು... ನೀವು ಮೊದ್ಲೇ..."

"ಮೊದ್ಲೇ ಹೇಳಿದ್ರೆ ನೀನು ಹೇಳ್ತಿದ್ಯಾ? ನನ್ನ ಗಂಟ್ಲಿನ ವಿಷ್ಯ ಕೇಳೋಕೆ ನಾನು ನನ್ನ ನಾದಿನಿ ಆಗ್ಬೇಕಾಯ್ತು. ನೋಡು, ಕೇಳಿಸ್ಕೊಂಡೆ. ಎದೆ ಒಡೀತಾ? ಸತ್ತು ಬಿದ್ನಾ? ಹೇಳೋ!"

ಎಂಟು ದಿನದ ಕೂಗೆಲ್ಲ ಒಟ್ಟಿಗೆ ಬಂತು. ಒಡೆದ ದನಿಯಾದರೂ ಹೊರಗೆ ಕೂತಿದ್ದವರೆಲ್ಲ ಎದ್ದು ನಿಂತರು. ಅವನ ಮುಂದಿದ್ದ ಲಕೋಟೆ ಕಿತ್ತುಕೊಂಡು ಹೊರಬಿದ್ದೆ.

ಕೆಳಗಿನ ಮೆಟ್ಟಿಲ ಬಳಿ ರಗಬ್ ಏದುಸಿರು ಬಿಡುತ್ತ ಎದುರಾದ. ತಲೆಗೂದಲಿನಿಂದ ಇನ್ನೂ ನೀರು ಇಳಿಯುತ್ತಿತ್ತು, ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. ನನ್ನ ಕೈಯ ಲಕೋಟೆ ನೋಡಿದ. ಅದು ಇಂಗ್ಲಿಷಿನಲ್ಲಿರುತ್ತದೆ, ನನಗೆ ಓದಲು ಬರುವುದಿಲ್ಲ ಎಂದು ಅವನಿಗೆ ಗೊತ್ತು. ಒಂದು ಕ್ಷಣದಲ್ಲಿ ಮುಖಕ್ಕೆ ನಗು ಅಂಟಿಸಿಕೊಂಡ.

"ಅಮ್ಮಾ, ನೀನ್ಯಾಕೆ ಬರೋಕ್ ಹೋದೆ? ಲ್ಯಾಬಿನವ್ರು ನಂಗೆ ಫೋನ್ ಮಾಡಿದ್ರು. ಏನೂ ಇಲ್ವಂತೆ. ಬರೀ ಊತ, ಅಷ್ಟೇ."

ಅವನ ಗದ್ದ ಅದುರುತ್ತಿತ್ತು. ಮೂವತ್ತೆರಡು ವರ್ಷದ ಗಂಡಸು, ನನ್ನ ಮುಂದೆ ನಗುವುದಕ್ಕೆ ಒದ್ದಾಡುತ್ತಿದ್ದ. ಆಗ ನನಗೆ ಏನಾಯಿತು ಗೊತ್ತೇ? ಸಿಟ್ಟು ಬರಲಿಲ್ಲ. ಅಯ್ಯೋ ಪಾಪ ಅನ್ನಿಸಿತು. 'ಅಲ್‌ಹಮ್ದುಲಿಲ್ಲಾ, ಸದ್ಯ, ಊತ ತಾನೇ' ಎಂದು ಹೇಳಿ ಅವನ ಕೆನ್ನೆ ತಟ್ಟೋಣ ಅನ್ನಿಸಿತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ನನ್ನ ಮಗ ಸುಧಾರಿಸಿಕೊಳ್ಳಲಿ, ನಂಬಿದ ಹಾಗೆ ನಟಿಸಿದರೆ ನನ್ನ ಗಂಟೇನು ಹೋಗುತ್ತದೆ ಎಂದುಕೊಂಡೆ.

ಖಮೀಸ್ ಹಾಗೇ ಮಾಡಿದ್ದ. ನಾನು ಊತ ಎಂದಾಗ "ಅಲ್‌ಹಮ್ದುಲಿಲ್ಲಾ" ಎಂದು ನನ್ನ ಕೈ ತಟ್ಟಿದ್ದ. ಕಸದ ಡಬ್ಬಿಗಳ ಪಕ್ಕದ ಗೇಟಿನಲ್ಲಿ ಹೋಗುವಾಗ ಒಂದು ದಿನವೂ ಯಾಕೆಂದು ಕೇಳಲಿಲ್ಲ. ಅವನಿಗೆ ಗೊತ್ತಿತ್ತು. ಮೊದಲ ದಿನದಿಂದಲೂ ಗೊತ್ತಿತ್ತು. ನಾನು ಅವನನ್ನು ಕಾಪಾಡುತ್ತಿದ್ದೇನೆ ಎಂದು ಬೀಗುತ್ತಿದ್ದೆ. ಅವನು ನನಗೆ ನೋವಾಗಬಾರದೆಂದು ಐದು ತಿಂಗಳು ಒಬ್ಬನೇ ಸಾಯುತ್ತಿದ್ದ, ನನ್ನ ಪಕ್ಕದಲ್ಲೇ, ಅದೇ ಹಾಸಿಗೆಯಲ್ಲಿ.

ಥೂ ನನ್ನ ಜನ್ಮಕ್ಕೆ! ಎಂಟು ದಿನ ಊರಿನ ಮೇಲೆಲ್ಲ ಹಾರಾಡಿದ್ದ ಸಿಟ್ಟು ಈಗ ನನ್ನ ಮೇಲೆಯೇ ತಿರುಗಿತು.

ಲಕೋಟೆ ಹರಿದು ಕಾಗದವನ್ನು ರಗಬ್‌ನ ಮುಖದ ಮುಂದೆ ಹಿಡಿದೆ. "ಓದು."

"ಅಮ್ಮಾ, ಮನೇಗ್ ಹೋಗಿ..."

"ಇಲ್ಲೇ. ಗಟ್ಟಿಯಾಗಿ."

ಅವನು ಓದಿದ. ಅಕ್ಷರ ಕೂಡಿಸಿ ಕೂಡಿಸಿ, ನನ್ನ ಹೆಸರು, ವಯಸ್ಸು, ಯಾವುದೋ ಉದ್ದದ ಪದಗಳು. ಒಂದು ಕಡೆ ನಿಂತ.

"ಓದೋ."

"ನಂಗಾಗಲ್ಲಮ್ಮ."

"ನಾನು ಕೇಳಾಯ್ತು ಕಣೋ. ಒಳಗೆ ಕೇಳಿಸ್ಕೊಂಡೇ ಬಂದಿದೀನಿ. ಈಗ ನಿನ್ನ ಬಾಯಿಂದ ಕೇಳ್ಬೇಕು."

ಅವನು ನನ್ನ ಮುಖ ನೋಡಿಕೊಂಡು ಆ ಹೆಸರು ಹೇಳಿದ. ಹೇಳಿದ್ದೇ ಮೆಟ್ಟಿಲ ಮೇಲೆ ಕುಸಿದು, ತಲೆ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ. ದಾರಿಹೋಕರು ನಿಂತು ನೋಡಿದರು, ನೋಡಿಕೊಳ್ಳಲಿ ಎಂದು ಬಿಟ್ಟೆ. ನಾನೂ ಅವನ ಪಕ್ಕ ಕೂತು ಡಾಕ್ಟರು ಹೇಳಿದ್ದನ್ನು ಪೂರ್ತಿ ಹೇಳಿದೆ, ಸಣ್ಣದು ಎಂದದ್ದು, ಕರೆಂಟು ಕೊಡುತ್ತಾರೆ ಎಂದದ್ದು, ಹತ್ತರಲ್ಲಿ ಒಂಬತ್ತು ಎಂದದ್ದು. ಅವನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ.

"ಇನ್ಮೇಲೆ ಡಾಕ್ಟ್ರ ಹತ್ರ ನಾನೇ ಬರ್ತೀನಿ," ಎಂದೆ. "ಅವನು ನನ್ನ ಮುಖ ನೋಡಿ ಮಾತಾಡ್ಲಿಲ್ಲ ಅಂದ್ರೆ ಬೇರೆ ಡಾಕ್ಟ್ರ ಹುಡುಕು. ಇನ್ನೊಂದ್ಸಲ ಊತ ಅಂದ್ರೆ ಹಲ್ಲು ಉದುರಿಸ್ತೀನಿ."

ಅವನು ತೋಳಿನಲ್ಲಿ ಮೂಗು ಒರೆಸಿಕೊಂಡ. ನೆಲ ನೋಡಿಕೊಂಡು ಕೇಳಿದ: "ಅಮ್ಮಾ, ನಿಂಗೆ ಹೆದ್ರಿಕೆ ಆಗ್ತಿದ್ಯಾ?"

"ಆಗ್ತಿದೆ ಕಣೋ," ಎಂದೆ. "ತುಂಬಾ ಆಗ್ತಿದೆ."

ಅವನು ನನ್ನ ಕೈ ಹಿಡಿದುಕೊಂಡ. ಖಮೀಸ್‌ನನ್ನು ಈ ಒಂದು ಮಾತು ಯಾರೂ ಕೇಳಲಿಲ್ಲ. ಐದು ತಿಂಗಳಿತ್ತು, ನಾನೂ ಕೇಳಲಿಲ್ಲ.